ವಕೀಲರು ಶಾಸಕರಾದಾಗ: ಕೋರ್ಟಿನಿಂದ ಸದನಕ್ಕೆ ಹೋಗುವ ದಾರಿ

ನಿಮ್ಮ ಹೊಲದ ಪಾಲಿನ ದಾವೆ ಹುಕ್ಕೇರಿಯಲ್ಲೋ, ಇಂಡಿಯಲ್ಲೋ, ಮುಧೋಳದಲ್ಲೋ ನಾಲ್ಕೈದು ವರ್ಷದಿಂದ ನಡೆದಿದೆ ಎಂದುಕೊಳ್ಳಿ. ಅದನ್ನು ನಡೆಸುತ್ತಿದ್ದ ವಕೀಲರು ಚುನಾವಣೆಗೆ ನಿಂತು ಗೆದ್ದರು. ಊರಲ್ಲಿ ಗುಲಾಲು ಹಾರಿತು, ಪಟಾಕಿಯೂ ಆಯಿತು. ಮರುದಿನ ಕಕ್ಷಿದಾರರಿಗೆ ಚಿಂತೆ ಶುರುವಾಗುತ್ತದೆ. ಮುಂದಿನ ತಾರೀಖಿಗೆ ನನ್ನ ಪರವಾಗಿ ನಿಲ್ಲುವವರು ಯಾರು? ಎಮ್ಮೆಲ್ಲೆ ಆದವರು ಕರಿ ಕೋಟು ಹಾಕಬಹುದೇ? ಸರ್ಕಾರದ ಖಜಾನೆಯಿಂದ ಸಂಬಳ ಪಡೆದು ಅದೇ ಸರ್ಕಾರದ ವಿರುದ್ಧ ವಾದ ಮಾಡಬಹುದೇ?

ಬೆಳಗಾವಿ ಜಿಲ್ಲೆಯಲ್ಲಿ 18, ವಿಜಯಪುರದಲ್ಲಿ 8, ಬಾಗಲಕೋಟೆಯಲ್ಲಿ 7 ವಿಧಾನಸಭಾ ಕ್ಷೇತ್ರಗಳಿವೆ. ಚಳಿಗಾಲದಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಸೇರಿದಾಗ ಶಾಸಕರ ಕೆಲಸ ಈ ಭಾಗದ ಜನರ ಕಣ್ಣೆದುರಿಗೇ ಬರುತ್ತದೆ. ವಕೀಲಿ ಮತ್ತು ಶಾಸಕತ್ವ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಬುಡದಿಂದ ನೋಡೋಣ. ಉದಾಹರಣೆಗೆ ದೂರ ಹೋಗಬೇಕಿಲ್ಲ, ಜಮಖಂಡಿಯ ಕೋರ್ಟಿನಿಂದ ಹೊರಟು ಮುಖ್ಯಮಂತ್ರಿಯಾದವರ ಬದುಕೇ ನಮ್ಮ ಮುಂದಿದೆ.

ಗೆದ್ದ ಮೇಲೆ ವಕೀಲಿ ಬಿಡಬೇಕೇ?

ಬಿಡಬೇಕಿಲ್ಲ. ಈ ವಿಷಯವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 25ರಂದು ಇತ್ಯರ್ಥ ಮಾಡಿದೆ. ಆಗಿನ ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ, ನ್ಯಾಯಮೂರ್ತಿಗಳಾದ ಎ.ಎಂ. ಖಾನ್ವಿಲ್ಕರ್ ಮತ್ತು ಡಿ.ವೈ. ಚಂದ್ರಚೂಡ್ ಅವರ ಪೀಠದ ತೀರ್ಪು ಅದು.

ವಿವಾದ ಹುಟ್ಟಿದ್ದು ಭಾರತೀಯ ವಕೀಲರ ಪರಿಷತ್ತಿನ ಒಂದು ನಿಯಮದಿಂದ. 49ನೇ ನಿಯಮದ ಪ್ರಕಾರ, ವಕೀಲಿ ಮಾಡುವವರು ಯಾರದೇ ಕೈಕೆಳಗೆ ಪೂರ್ಣಾವಧಿ ಸಂಬಳದ ನೌಕರರಾಗಿರುವಂತಿಲ್ಲ. ನೌಕರಿ ಹಿಡಿದರೆ ಪರಿಷತ್ತಿಗೆ ತಿಳಿಸಿ ವಕೀಲಿ ನಿಲ್ಲಿಸಬೇಕು. ಶಾಸಕರಿಗೂ ಸಂಬಳ ಬರುತ್ತದೆ, ಹಾಗಾದರೆ ಅವರೂ ನೌಕರರೇ ಅಲ್ಲವೇ ಎಂಬುದು ಅರ್ಜಿದಾರರ ವಾದ. ಕೋರ್ಟು ಅದನ್ನು ಒಪ್ಪಲಿಲ್ಲ. ನೌಕರ ಎಂದರೆ ಅವನನ್ನು ನೇಮಿಸುವ, ಕೆಲಸ ಹೇಳುವ, ಶಿಸ್ತುಕ್ರಮ ತಗೊಳ್ಳುವ ಒಡೆಯ ಇರಬೇಕು. ಶಾಸಕರನ್ನು ಆರಿಸುವವರು ಮತದಾರರು. ಸರ್ಕಾರ ಅವರ ಒಡೆಯ ಅಲ್ಲ. ಸಂವಿಧಾನದ 195ನೇ ವಿಧಿಯಂತೆ ಸಂಬಳ, ಭತ್ಯೆ ಸಿಗುತ್ತದೆ ಎಂದ ಮಾತ್ರಕ್ಕೆ ಅವರು ನೌಕರರಾಗುವುದಿಲ್ಲ. ವಕೀಲರ ಪರಿಷತ್ತು ಶಾಸಕರಿಗೆಂದೇ ನಿಷೇಧ ಹಾಕುವ ನಿಯಮ ಮಾಡಿಲ್ಲ, ಆದ್ದರಿಂದ ಅವರು ವಕೀಲಿ ಮುಂದುವರಿಸಬಹುದು ಎಂದು ಪೀಠ ಹೇಳಿತು.

ಹಾಗಾಗಿ ನೀವು ಸಹಿ ಮಾಡಿ ಕೊಟ್ಟ ವಕಾಲತ್ತು, ಅಂದರೆ ನಿಮ್ಮ ಪರ ನಿಲ್ಲಲು ವಕೀಲರಿಗೆ ಅಧಿಕಾರ ಕೊಡುವ ಪತ್ರ, ಚುನಾವಣೆಯ ಫಲಿತಾಂಶದಿಂದ ರದ್ದಾಗುವುದಿಲ್ಲ. ದಿವಾಣಿ (ಸಿವಿಲ್) ದಾವೆಯಲ್ಲಿ ಕಕ್ಷಿದಾರರಾಗಲಿ ವಕೀಲರಾಗಲಿ ಬರವಣಿಗೆಯಲ್ಲಿ ಕೊಟ್ಟು, ಕೋರ್ಟಿನ ಅನುಮತಿ ಪಡೆದು ಕೊನೆಗೊಳಿಸುವವರೆಗೆ ಅದು ಜಾರಿಯಲ್ಲಿರುತ್ತದೆ. ಹೊಸ ಶಾಸಕರಿಗೆ ಬಿಡುವಿಲ್ಲದಿದ್ದರೆ ಅವರ ಕಚೇರಿಯ ಜ್ಯೂನಿಯರ್ ವಕೀಲರು ನಿಲ್ಲುತ್ತಾರೆ. ಇಲ್ಲವೇ ನೀವು ಬೇರೆಯವರನ್ನು ನೋಡಿಕೊಳ್ಳಬಹುದು. ವಕೀಲರು ತಾವಾಗಿ ಕೇಸು ಬಿಡುವುದಾದರೆ ಸಾಕಷ್ಟು ಕಾರಣ ಇರಬೇಕು, ಮುಂಚಿತವಾಗಿ ತಿಳಿಸಬೇಕು, ಮಾಡದ ಕೆಲಸದ ಫೀ ಮರಳಿಸಬೇಕು ಎಂಬ ನಿಯಮವೂ ಇದೆ. ಬಹಳ ಕಕ್ಷಿದಾರರಿಗೆ ಇದು ಗೊತ್ತಿರುವುದಿಲ್ಲ. ಶಾಸಕರನ್ನು ಹೇಗೆ ಕೇಳುವುದು ಎಂದು ಸಂಕೋಚಪಟ್ಟು ತಾರೀಖಿನ ಮೇಲೆ ತಾರೀಖು ಕಳೆದುಕೊಳ್ಳುವವರೂ ಇದ್ದಾರೆ. ಕೇಳುವುದು ಕಕ್ಷಿದಾರರ ಹಕ್ಕು.

ಮಂತ್ರಿಯಾದರೆ ವಿಷಯ ಬೇರೆ. ಮಂತ್ರಿಗಳ ನಡತೆ ಸಂಹಿತೆ ಖಾಸಗಿ ವ್ಯವಹಾರಗಳಿಂದ ದೂರ ಇರುವಂತೆ ಹೇಳುತ್ತದೆ. ಮಂತ್ರಿಗಿರಿ ಇರುವಷ್ಟು ದಿನ ವಕೀಲಿ ನಿಲ್ಲಿಸುವುದು ಮೊದಲಿನಿಂದಲೂ ಬಂದ ರೂಢಿ.

ಸನದು ಎಂದರೇನು?

ಕಾನೂನು ಓದಿದವರೆಲ್ಲ ವಕೀಲರಲ್ಲ. ಪದವಿ ಮುಗಿಸಿ ಮೂರು ವರ್ಷ ಅಥವಾ ಪಿಯುಸಿ ನಂತರ ಐದು ವರ್ಷ ಕಾನೂನು ಓದಬೇಕು. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಿಂದ ಈ ಪಾಠ ಹೇಳುತ್ತ ಬಂದಿದೆ. ಓದು ಮುಗಿದ ಮೇಲೆ 1961ರ ವಕೀಲರ ಕಾಯ್ದೆಯಂತೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಆಗ ಸಿಗುವ ಪ್ರಮಾಣಪತ್ರವನ್ನೇ ನಮ್ಮ ಕಡೆಯ ಹಿರಿಯರು ಸನದು ಎನ್ನುತ್ತಾರೆ. ಈಗ ಅದರ ಜೊತೆಗೆ ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸು ಮಾಡಬೇಕು. ನೋಂದಣಿಗೆ ಕೆಲವು ರಾಜ್ಯಗಳಲ್ಲಿ ಸಾವಿರಾರು ರೂಪಾಯಿ ವಸೂಲಾಗುತ್ತಿತ್ತು. ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿತು. ಬಡ ಮನೆಯ ಮಕ್ಕಳಿಗೆ ಇದು ದೊಡ್ಡ ನೆರವು.

ರಾಜಕೀಯದಲ್ಲಿ ವಕೀಲರೇ ಯಾಕೆ ಹೆಚ್ಚು ಕಾಣುತ್ತಾರೆ?

ಸ್ವಾತಂತ್ರ್ಯ ಹೋರಾಟದ ಕಾಲದಿಂದ ಬಂದ ಪದ್ಧತಿ ಇದು. 1924ರ ಡಿಸೆಂಬರ್‌ನಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅದರ ಭಾರ ಹೊತ್ತ ಗಂಗಾಧರರಾವ್ ದೇಶಪಾಂಡೆ ಕಾನೂನು ಓದಿದವರು. ಅಧ್ಯಕ್ಷತೆ ವಹಿಸಿದ ಗಾಂಧೀಜಿಯೂ ಬ್ಯಾರಿಸ್ಟರ್. ಸರ್ಕಾರದ ಭಾಷೆ ಗೊತ್ತಿದ್ದು, ಸರ್ಕಾರದ ಹಂಗಿಲ್ಲದೆ ಬದುಕುತ್ತಿದ್ದ ವರ್ಗ ಆಗ ವಕೀಲರದ್ದೇ ಆಗಿತ್ತು.

ಇದರಷ್ಟೇ ಮುಖ್ಯವಾದ ಇನ್ನೊಂದು ಕಾರಣ ಕಾನೂನಿನಲ್ಲಿಯೇ ಇದೆ. ಸಂವಿಧಾನದ 191ನೇ ವಿಧಿಯ ಪ್ರಕಾರ ಸರ್ಕಾರದ ಅಧೀನದಲ್ಲಿ ಲಾಭದಾಯಕ ಹುದ್ದೆಯಲ್ಲಿರುವವರು ಶಾಸಕರಾಗುವಂತಿಲ್ಲ. ಕಾನೂನಿನಲ್ಲಿ ವಿನಾಯಿತಿ ಕೊಟ್ಟ ಹುದ್ದೆಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಸರ್ಕಾರಿ ಶಾಲೆಯ ಮಾಸ್ತರರು, ತಹಶೀಲ್ದಾರರು, ಸರ್ಕಾರಿ ಡಾಕ್ಟರರು ಚುನಾವಣೆಗೆ ನಿಲ್ಲಬೇಕಾದರೆ ಮೊದಲು ರಾಜೀನಾಮೆ ಕೊಡಬೇಕು. ಸೋತರೆ ಆ ನೌಕರಿ ಮರಳಿ ಸಿಗುವುದಿಲ್ಲ. ಸ್ವಂತ ವಕೀಲಿ ನಡೆಸುವವರಿಗೆ ಆ ಭಯವಿಲ್ಲ. ಸೋತ ಮರುದಿನವೇ ಕೋರ್ಟಿಗೆ ಬಂದು ಪಾಟೀ ಸವಾಲಿಗೆ, ಅಂದರೆ ಎದುರು ಸಾಕ್ಷಿಯನ್ನು ಪ್ರಶ್ನಿಸಲು, ನಿಲ್ಲಬಹುದು. ಅದರ ಜೊತೆಗೆ ತಾಲ್ಲೂಕಿನ ಪ್ರತಿ ಊರಿನ ಕಕ್ಷಿದಾರರ ಪರಿಚಯ, ಯಾವ ಹಳ್ಳಿಯಲ್ಲಿ ಯಾವ ತಂಟೆ ಇದೆ ಎಂಬ ತಿಳಿವಳಿಕೆ, ನಾಲ್ಕು ಜನರ ಮುಂದೆ ಎದ್ದು ಮಾತಾಡುವ ರೂಢಿ ಇವೆಲ್ಲ ಸಿಕ್ಕೇ ಇರುತ್ತವೆ.

ಎರಡು ಮನೆ, ಹಲವು ಬಾಗಿಲು

ರಾಜ್ಯ ಶಾಸಕಾಂಗಕ್ಕೆ ಎರಡು ಮನೆಗಳಿವೆ. 224 ಸದಸ್ಯರ ವಿಧಾನಸಭೆಗೆ ಜನ ನೇರವಾಗಿ ಆರಿಸುತ್ತಾರೆ, ಅಭ್ಯರ್ಥಿಗೆ 25 ವರ್ಷ ತುಂಬಿರಬೇಕು. 75 ಸದಸ್ಯರ ವಿಧಾನ ಪರಿಷತ್ತಿಗೆ 30 ವರ್ಷ. ಪರಿಷತ್ತಿನ 25 ಸ್ಥಾನಗಳನ್ನು ಶಾಸಕರು ಆರಿಸುತ್ತಾರೆ, 25ನ್ನು ಗ್ರಾಮ ಪಂಚಾಯಿತಿ, ನಗರಸಭೆಗಳಂಥ ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. 7 ಸ್ಥಾನ ಪದವೀಧರರಿಗೆ, 7 ಶಿಕ್ಷಕರಿಗೆ, ಉಳಿದ 11 ನಾಮಕರಣಕ್ಕೆ. ನಮ್ಮ ಮೂರೂ ಜಿಲ್ಲೆ ಸೇರಿ ವಾಯವ್ಯ ಪದವೀಧರ ಕ್ಷೇತ್ರ. ಪದವಿ ಪಡೆದು ಮೂರು ವರ್ಷವಾದವರು ಇಲ್ಲಿ ಮತದಾರರಾಗಬಹುದು. ವಕೀಲರೆಲ್ಲ ಪದವೀಧರರೇ ಆದ್ದರಿಂದ ಈ ಚುನಾವಣೆ ಬಂದಾಗ ಅಭ್ಯರ್ಥಿಗಳು ವಕೀಲರ ಸಂಘಗಳ ಬಾಗಿಲಿಗೆ ಬಾರದೆ ಇರುವುದಿಲ್ಲ.

ಅಭ್ಯರ್ಥಿ ಅದೇ ಕ್ಷೇತ್ರದವರೇ ಆಗಿರಬೇಕೆಂದಿಲ್ಲ. ರಾಜ್ಯದ ಯಾವುದೇ ವಿಧಾನಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು. ಬಾಗಲಕೋಟೆ ಜಿಲ್ಲೆಯವರು ಇದನ್ನು ಎರಡು ಸಲ ಕಂಡಿದ್ದಾರೆ. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪ 1962ರಲ್ಲಿ ಹೊಸದುರ್ಗದಲ್ಲಿ ಸೋತಾಗ ಬಾಗಲಕೋಟೆಯ ಸ್ಥಾನ ತೆರವಾಗಿ, ಅವರು ಇಲ್ಲಿಂದ ಆರಿಸಿ ಬಂದು ಮತ್ತೆ ಮುಖ್ಯಮಂತ್ರಿಯಾದರು. ಮೈಸೂರಿನಲ್ಲಿ ವಕೀಲಿ ಮಾಡಿದ್ದ ಸಿದ್ದರಾಮಯ್ಯ 2018ರಲ್ಲಿ ಬಾದಾಮಿಯಿಂದ 1,696 ಮತಗಳ ಅಂತರದಲ್ಲಿ ಗೆದ್ದರು.

ಸಾವಳಗಿಯಿಂದ ಹೊರಟವರು

ಇಡೀ ದಾರಿಯನ್ನು ಒಂದೇ ಬದುಕಿನಲ್ಲಿ ನೋಡಬೇಕಾದರೆ ಬಿ.ಡಿ. ಜತ್ತಿಯವರಿಗಿಂತ ಸ್ಪಷ್ಟ ಉದಾಹರಣೆ ಈ ಭಾಗದಲ್ಲಿ ಸಿಗುವುದು ಕಷ್ಟ. ಉಪರಾಷ್ಟ್ರಪತಿ ಎಂದು ಅವರ ಹೆಸರು ಎಲ್ಲರಿಗೂ ಗೊತ್ತು. ಶುರುವಿನ ಮೆಟ್ಟಿಲುಗಳು ಅಷ್ಟು ಗೊತ್ತಿಲ್ಲ, ನಮಗೆ ಬೇಕಾದದ್ದು ಅವೇ.

ಬಸಪ್ಪ ದಾನಪ್ಪ ಜತ್ತಿ 1912ರ ಸೆಪ್ಟೆಂಬರ್ 10ರಂದು ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಹುಟ್ಟಿದರು. ಕೊಲ್ಹಾಪುರದ ಸೈಕ್ಸ್ ಕಾನೂನು ಕಾಲೇಜಿನಲ್ಲಿ ಓದಿ ಜಮಖಂಡಿಯಲ್ಲಿ ವಕೀಲಿ ಆರಂಭಿಸಿದರು. ಆಗ ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ. 1940ರಲ್ಲಿ ಅಲ್ಲಿನ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ಮುಂದೆ ಸಂಸ್ಥಾನದ ಶಾಸನಸಭೆಗೆ ಆರಿಸಿ ಹೋಗಿ ಮಂತ್ರಿಯಾದರು, 1948ರಲ್ಲಿ ದಿವಾನರೂ ಆದರು. ಅದೇ ವರ್ಷ ಮಾರ್ಚ್ 8ರಂದು ಜಮಖಂಡಿ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನವೇ ಹೋದ ಮೇಲೆ ದಿವಾನಗಿರಿಯೂ ಹೋಯಿತು.

ಆಮೇಲೆ ಅವರು ಮರಳಿ ಕೋರ್ಟಿಗೆ ಬಂದು 20 ತಿಂಗಳು ವಕೀಲಿ ಮಾಡಿದರು. ಇದು ಅವರ ಬದುಕಿನ ಸಣ್ಣ ಸಂಗತಿ ಎಂದು ಯಾರಿಗಾದರೂ ಅನಿಸಬಹುದು, ನನಗೆ ಹಾಗನಿಸುವುದಿಲ್ಲ. ದಿವಾನರಾಗಿದ್ದವರು ಮತ್ತೆ ಕಕ್ಷಿದಾರರ ಕಾಗದ ಹಿಡಿದು ನಿಲ್ಲಲು ಸಾಧ್ಯವಾದದ್ದು ಆ ವೃತ್ತಿಯಿಂದ. ಅಧಿಕಾರ ಹೋದರೂ ಅನ್ನಕ್ಕೆ ಯಾರ ಮುಂದೂ ಕೈಯೊಡ್ಡಬೇಕಾಗಿರಲಿಲ್ಲ.

ವಿಲೀನವಾದ ಪ್ರದೇಶದ ಪ್ರತಿನಿಧಿಯಾಗಿ ಮುಂಬೈ ವಿಧಾನಸಭೆಗೆ ನಾಮಕರಣಗೊಂಡ ಮೇಲೆ ಒಂದೇ ವಾರದಲ್ಲಿ ಮುಖ್ಯಮಂತ್ರಿ ಬಿ.ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿಯಾಗಿ 1956ರ ಏಕೀಕರಣದವರೆಗೂ ಇದ್ದರು. ಪುರಸಭೆಯ ಸದಸ್ಯತ್ವದಿಂದ ವಿಶಾಲ ಮೈಸೂರು ರಾಜ್ಯದ ವಿಧಾನಸಭೆಗೆ ಬರುವುದರೊಳಗೆ 16 ವರ್ಷ ಕಳೆದಿದ್ದವು. 1958ರ ಮೇ 16ರಿಂದ 1962ರ ಮಾರ್ಚ್ 9ರವರೆಗೆ ಅವರು ಮುಖ್ಯಮಂತ್ರಿ. ಮುಂದೆ ಪುದುಚೇರಿಯ ಉಪರಾಜ್ಯಪಾಲರು, ಒಡಿಶಾ ರಾಜ್ಯಪಾಲರು, 1974ರಿಂದ ಉಪರಾಷ್ಟ್ರಪತಿ, 1977ರ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ.

ಒಂದು ಕಾನೂನು ಹುಟ್ಟುವುದು ಹೇಗೆ

ವಕೀಲರು ಕಾಲುವೆಯ ನೀರನ್ನು ಒಬ್ಬರ ಹೊಲಕ್ಕೆ ತಿರುಗಿಸಿ ಕೊಡುವವರು, ಶಾಸಕರು ಕಾಲುವೆ ಯಾವ ಕಡೆ ಹಾಯಬೇಕೆಂದು ತೀರ್ಮಾನಿಸುವವರು. ಕೋರ್ಟಿನಲ್ಲಿ ಕಾನೂನು ಇದ್ದಂತೆ ಇರುತ್ತದೆ, ಅದರೊಳಗೇ ಕಕ್ಷಿದಾರರಿಗೆ ದಾರಿ ಹುಡುಕಬೇಕು. ಸದನದಲ್ಲಿ ಕಾನೂನನ್ನೇ ಬದಲಾಯಿಸಬಹುದು. ಜತ್ತಿಯವರ ಕಾಲದ ಭೂಸುಧಾರಣೆಯ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ.

1956ರಲ್ಲಿ ಹಳೆ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್ ಪ್ರಾಂತಗಳ ಕನ್ನಡ ಜಿಲ್ಲೆಗಳು ಮತ್ತು ಕೊಡಗು ಒಂದಾದವು. ರಾಜ್ಯ ಒಂದಾಯಿತು, ಗೇಣಿ ಕಾನೂನು ಒಂದಾಗಲಿಲ್ಲ. ಬೆಳಗಾವಿ, ವಿಜಯಪುರ ಭಾಗದಲ್ಲಿ ಲಾವಣಿಗೆ ಹೊಲ ಮಾಡುತ್ತಿದ್ದವರಿಗೆ ಮುಂಬೈಯ 1948ರ ಗೇಣಿ ಕಾಯ್ದೆ, ಕಲಬುರಗಿ ಕಡೆಯವರಿಗೆ ಹೈದರಾಬಾದಿನದು, ಮೈಸೂರಿನವರಿಗೆ ಇನ್ನೊಂದು. ಒಂದೇ ರಾಜ್ಯದಲ್ಲಿ ಒಂದೇ ರೀತಿ ದುಡಿಯುವ ರೈತರಿಗೆ ಬೇರೆ ಬೇರೆ ಹಕ್ಕು. ಎಲ್ಲರಿಗೂ ಒಂದೇ ಕಾನೂನು ಹೇಗಿರಬೇಕು ಎಂದು ಹೇಳಲು 1957ರಲ್ಲಿ ಸಮಿತಿ ರಚನೆಯಾಯಿತು. ಅದರ ಅಧ್ಯಕ್ಷರು ಜತ್ತಿ.

ಸಮಿತಿಯ ವರದಿ ಕಾನೂನಲ್ಲ. ಅದನ್ನು ಆಧರಿಸಿ ಮಸೂದೆ ಸಿದ್ಧವಾಗಬೇಕು. ಮಸೂದೆ ಎಂದರೆ ಇನ್ನೂ ಒಪ್ಪಿಗೆ ಸಿಗದ ಕಾನೂನಿನ ಕರಡು, ವಿಧೇಯಕ ಎಂದರೂ ಅದೇ. ಅದು ಸದನದಲ್ಲಿ ಮಂಡನೆಯಾಗುತ್ತದೆ, ತತ್ವದ ಮೇಲೆ ಚರ್ಚೆ ನಡೆಯುತ್ತದೆ, ಬೇಕೆನಿಸಿದರೆ ಎರಡೂ ಸದನಗಳ ಸದಸ್ಯರ ಸಮಿತಿಗೆ ಹೋಗುತ್ತದೆ. ಆಮೇಲೆ ಒಂದೊಂದೇ ಖಂಡ ಓದಿ ತಿದ್ದುಪಡಿ ಕೇಳಲಾಗುತ್ತದೆ, ಕೊನೆಗೆ ಮತ. ಎರಡೂ ಮನೆ ದಾಟಿ ರಾಜ್ಯಪಾಲರ ಅಂಕಿತ ಬಿದ್ದು ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಕೆಲವು ಮಸೂದೆಗಳಿಗೆ ರಾಷ್ಟ್ರಪತಿಗಳ ಒಪ್ಪಿಗೆಯೂ ಬೇಕು. ಭೂಸುಧಾರಣಾ ಮಸೂದೆ 1958ರಲ್ಲಿ ಬಂದು, ಜಂಟಿ ಸಮಿತಿಯಲ್ಲಿ ಪರಿಶೀಲನೆಯಾಗಿ, 1961ರಲ್ಲಿ ಅಂಗೀಕಾರವಾಯಿತು. ರಾಷ್ಟ್ರಪತಿಗಳ ಒಪ್ಪಿಗೆ 1962ರ ಮಾರ್ಚ್‌ನಲ್ಲಿ ಸಿಕ್ಕಿತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸಮಿತಿ ಕೂತ ದಿನದಿಂದ ರೈತರ ಕೈಗೆ ಕಾನೂನು ಬರಲು ಎಂಟು ವರ್ಷ ಬೇಕಾಯಿತು.

ಮಸೂದೆಯ ಖಂಡಗಳನ್ನು ಓದುವ ಹಂತದಲ್ಲಿ ವಕೀಲರಾಗಿದ್ದವರ ಅನುಭವ ನಿಜವಾಗಿ ನೆರವಿಗೆ ಬರುತ್ತದೆ. ‘ಕೊಡಬಹುದು’ ಮತ್ತು ‘ಕೊಡತಕ್ಕದ್ದು’ ಎಂಬ ಎರಡು ಮಾತಿನ ನಡುವೆ ಅಧಿಕಾರಿಯ ಮರ್ಜಿ ಅಡಗಿರುತ್ತದೆ ಎಂಬುದು ಕೋರ್ಟಿನಲ್ಲಿ ಸೋತು ಗೆದ್ದವರಿಗೆ ಬೇಗ ತಿಳಿಯುತ್ತದೆ. ಮೇಲ್ಮನವಿ ಯಾರ ಮುಂದೆ, ಎಷ್ಟು ದಿನದೊಳಗೆ ಎಂಬುದನ್ನು ಬರೆಯದೆ ಬಿಟ್ಟರೆ ನಾಳೆ ಯಾರು ಅಲೆಯಬೇಕಾಗುತ್ತದೆ ಎಂಬುದೂ ಅವರಿಗೆ ಗೊತ್ತು. ಗದ್ದಲದಲ್ಲಿ ಚರ್ಚೆಯಿಲ್ಲದೆ ಮಸೂದೆ ಪಾಸಾದರೆ ಸದನಕ್ಕೆ ಈ ಅನುಭವದ ಪ್ರಯೋಜನ ಸಿಗುವುದಿಲ್ಲ. ಇದು ಯಾವುದೇ ಪಕ್ಷದ ಮಾತಲ್ಲ, ಹೊಲ ಮನೆ ಇರುವ ಪ್ರತಿಯೊಬ್ಬರಿಗೂ ತಟ್ಟುವ ವಿಷಯ.

ಈ ಕಾಯ್ದೆಯ ಮುಂದಿನ ಅಧ್ಯಾಯದಲ್ಲಿ ವಕೀಲರೇ ಹೊರಗೆ ನಿಲ್ಲಬೇಕಾಯಿತು. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿ, ಉಳುವವರು 7ನೇ ನಮೂನೆಯಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆಯಬೇಕಿತ್ತು. ಆ ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು 48ನೇ ಕಲಮಿನಲ್ಲಿ ಬರೆಯಲಾಗಿತ್ತು. ದುಡ್ಡಿದ್ದ ಭೂಮಾಲೀಕರು ದೊಡ್ಡ ವಕೀಲರನ್ನು ತಂದರೆ ಬಡ ಗೇಣಿದಾರರ ಗತಿಯೇನು ಎಂಬ ಆತಂಕಕ್ಕೆ ಆ ಕಲಮಿನಲ್ಲಿ ಉತ್ತರವಿತ್ತು. 1987ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧವನ್ನು ಅಸಿಂಧು ಎಂದಿತು. ವಕೀಲಿ ಮಾಡುವ ಹಕ್ಕು ಸಂಸತ್ತಿನ ಕಾಯ್ದೆಯಿಂದ ಬಂದದ್ದು, ರಾಜ್ಯ ಶಾಸಕಾಂಗ ಅದಕ್ಕೆ ಅಡ್ಡ ಬರುವಂತಿಲ್ಲ ಎಂಬುದು ಕಾರಣ. ರಾಜ್ಯದ ಶಾಸಕರ ಅಧಿಕಾರಕ್ಕೂ ಎಲ್ಲೆ ಇದೆ, ಆ ಎಲ್ಲೆ ಎಲ್ಲಿದೆ ಎಂದು ಹೇಳುವುದು ಕೋರ್ಟು.

ಸದನದ ಮಾತು, ಕೋರ್ಟಿನ ಮಾತು

ಕೋರ್ಟಿನಲ್ಲಿ ವಕೀಲರು ಆಡಿದ ಮಾತಿಗೆ ದಾಖಲೆ ಬೇಕು, ಎದುರಾಳಿಗೆ ಉತ್ತರಿಸುವ ಅವಕಾಶ ಇರಬೇಕು, ಮಿತಿ ಮೀರಿದರೆ ನ್ಯಾಯಾಂಗ ನಿಂದನೆಯಾಗುತ್ತದೆ. ಸದನದೊಳಗೆ ಶಾಸಕರು ಆಡಿದ ಮಾತಿಗಾಗಿ 194ನೇ ವಿಧಿಯಂತೆ ಯಾವ ಕೋರ್ಟಿನಲ್ಲೂ ಕ್ರಮ ಜರುಗಿಸುವಂತಿಲ್ಲ. ಲಂಚ ಪಡೆದು ಮಾತಾಡಿದರೆ ಅಥವಾ ಮತ ಹಾಕಿದರೆ ಈ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್ 4ರಂದು ಸ್ಪಷ್ಟಪಡಿಸಿದೆ. ಕರ್ತವ್ಯ ನಿರ್ವಹಣೆಯಲ್ಲಿ ಸುಪ್ರೀಂ ಕೋರ್ಟ್, ಹೈಕೋರ್ಟ್ ನ್ಯಾಯಮೂರ್ತಿಗಳ ನಡತೆಯನ್ನು ಸದನದಲ್ಲಿ ಚರ್ಚಿಸುವಂತಿಲ್ಲ ಎಂದು 211ನೇ ವಿಧಿ ಹೇಳುತ್ತದೆ. ವಿಚಾರಣೆಯಲ್ಲಿರುವ ಪ್ರಕರಣಗಳ ಬಗ್ಗೆ ಮಾತಾಡದಿರುವುದು ಸದನದ ನಿಯಮ. ಆದ್ದರಿಂದ ನಿಮ್ಮ ಕೇಸಿನ ಸಂಗತಿಯನ್ನು ಶಾಸಕರು ಸದನದಲ್ಲಿ ಎತ್ತಲಿ ಎಂದು ಬಯಸಿದರೂ ಅದು ಆಗುವುದಿಲ್ಲ. ಅದರ ಹಿಂದಿನ ಸಮಸ್ಯೆಯನ್ನು ಮಾತ್ರ, ಉದಾಹರಣೆಗೆ ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಸೇರಿಸಲು ಆಗುವ ವಿಳಂಬವನ್ನು, ಮಂತ್ರಿಗಳು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಯಾಗಿಯೋ ಗಮನ ಸೆಳೆಯುವ ಸೂಚನೆಯಾಗಿಯೋ ಕೇಳಬಹುದು.

ಕೋರ್ಟಿನ ನ್ಯಾಯಾಧೀಶರನ್ನು ನೆನಪಿಸುವ ಒಂದು ಪೀಠ ಸದನದಲ್ಲಿದೆ, ಅದು ಸಭಾಧ್ಯಕ್ಷರದ್ದು. ಕೆರೂರಿನಲ್ಲಿ ಹುಟ್ಟಿದ, ಕಾನೂನು ಓದಿ ವಕೀಲರಾಗಿದ್ದ ಹುನಗುಂದದ ಶಾಸಕ ಎಸ್.ಆರ್. ಕಂಠಿ 1956ರ ಡಿಸೆಂಬರ್‌ನಿಂದ 1962ರ ಮಾರ್ಚ್‌ವರೆಗೆ ಆ ಪೀಠದಲ್ಲಿದ್ದರು. ಅಲ್ಲಿ ಕೂತವರು ತಮ್ಮ ಪಕ್ಷದ ಪರ ವಾದ ಮಾಡುವಂತಿಲ್ಲ. ಆಮೇಲೆ ಅವರು ಮುಖ್ಯಮಂತ್ರಿಯಾಗಿ, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ ಜೂನ್‌ನಲ್ಲಿ ಆ ಸ್ಥಾನ ಬಿಟ್ಟುಕೊಟ್ಟರು. ಈಗ ಪಕ್ಷಾಂತರ ದೂರುಗಳನ್ನು ತೀರ್ಮಾನಿಸುವವರೂ ಸಭಾಧ್ಯಕ್ಷರೇ. 2019ರಲ್ಲಿ ಅನರ್ಹಗೊಂಡ 17 ಶಾಸಕರಲ್ಲಿ ಗೋಕಾಕ, ಅಥಣಿ, ಕಾಗವಾಡದವರೂ ಇದ್ದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಉಪಚುನಾವಣೆಗೆ ನಿಲ್ಲಲು ಅವರಿಗೆ ಅವಕಾಶ ಕೊಟ್ಟಿತು.

ವಕೀಲರ ವಿಷಯವೇ ಮಸೂದೆಯಾಗಿ ಬೆಳಗಾವಿಗೆ ಬಂದದ್ದೂ ಉಂಟು. ವಕೀಲರ ಮೇಲಿನ ಹಲ್ಲೆ ತಡೆಯುವ ವಿಧೇಯಕವನ್ನು ಕಾನೂನು ಸಚಿವ ಎಚ್.ಕೆ. ಪಾಟೀಲ 2023ರ ಡಿಸೆಂಬರ್‌ನಲ್ಲಿ ಸುವರ್ಣಸೌಧದ ಅಧಿವೇಶನದಲ್ಲಿ ಮಂಡಿಸಿದರು, ಅದೇ ಅಧಿವೇಶನದಲ್ಲಿ ಅಂಗೀಕಾರವಾಯಿತು.

ಸೋತರೆ, ತಪ್ಪಿದರೆ

ಚುನಾವಣೆಯಲ್ಲಿ ಸೋತ ಶಾಸಕರು ಕೋರ್ಟಿಗೆ ಮರಳಲು ಹೊಸ ಪರೀಕ್ಷೆ ಬರೆಯಬೇಕಿಲ್ಲ, ಹೊಸದಾಗಿ ನೋಂದಾಯಿಸಬೇಕಿಲ್ಲ. ವಕೀಲಿಯನ್ನು ತಾವಾಗಿ ಅಮಾನತಿನಲ್ಲಿ ಇಟ್ಟಿದ್ದವರು ವಕೀಲರ ಪರಿಷತ್ತಿಗೆ ಅರ್ಜಿ ಕೊಟ್ಟು ಮತ್ತೆ ಶುರು ಮಾಡುತ್ತಾರೆ.

ಶಿಸ್ತಿನ ವಿಷಯದಲ್ಲಿ ಎರಡೂ ದಾರಿ ಬೇರೆ. ಕ್ರಿಮಿನಲ್ ಪ್ರಕರಣದಲ್ಲಿ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಪ್ರಜಾಪ್ರತಿನಿಧಿ ಕಾಯ್ದೆಯಂತೆ ಶಾಸಕತ್ವ ಹೋಗುತ್ತದೆ. ಮೇಲ್ಮನವಿ ಹಾಕಿದ್ದೇವೆಂದು ಸ್ಥಾನದಲ್ಲಿ ಮುಂದುವರಿಯುವ ಅವಕಾಶವನ್ನು ಸುಪ್ರೀಂ ಕೋರ್ಟ್ 2013ರಲ್ಲಿ ತೆಗೆದುಹಾಕಿತು. ವಕೀಲರು ಕಕ್ಷಿದಾರರಿಗೆ ಮೋಸ ಮಾಡಿದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಪರಿಷತ್ತು ಎಚ್ಚರಿಕೆ ಕೊಡಬಹುದು, ಕೆಲ ಕಾಲ ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಆ ವಕೀಲರು ಶಾಸಕರಾಗಿದ್ದಾರೆ ಎಂಬ ಕಾರಣಕ್ಕೆ ಈ ದೂರಿನಿಂದ ಯಾವ ವಿನಾಯಿತಿಯೂ ಇಲ್ಲ. ದೂರು ಬರವಣಿಗೆಯಲ್ಲಿರಬೇಕು, ವಕಾಲತ್ತಿನ ಪ್ರತಿ ಮತ್ತು ಫೀ ಕೊಟ್ಟ ರಸೀದಿ ಇದ್ದರೆ ಜೊತೆಗೆ ಲಗತ್ತಿಸಬೇಕು.